ಒಂದೇ ಮರಿ, ಎರಡು ಬಾರಿ ನೆಲದ ಮೇಲೆ: ಗೂಡಿನಿಂದ ಹೊರಬಿದ್ದ ಪಿಕಳಾರದ ಮರಿಯೊಂದರ ಪ್ರಕರಣ

ಗೂಡಿನಿಂದ ಬಿದ್ದ ಮರಿಗಳ ವಿಷಯದಲ್ಲಿ ಜನ ಫೋನ್ ಮಾಡಿದಾಗ ಸಲಹೆ ಹೇಳುವ, ತೀರ ಅಗತ್ಯವೆನಿಸಿದರೆ ಸ್ಥಳಕ್ಕೂ ಹೋಗಿ ನೋಡುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಇಂತಹ ಕರೆಗಳಲ್ಲಿ ಹೆಚ್ಚಿನವು ನಾಲ್ಕು ಮಾತಿನಲ್ಲಿ ಮುಗಿಯುತ್ತವೆ. ಇಲ್ಲಿ ದಾಖಲಿಸುತ್ತಿರುವುದು ಹಾಗೆ ಮುಗಿಯದ ಒಂದು ಪ್ರಕರಣ. ಒಂದೇ ಮರಿ ನಾಲ್ಕು ದಿನಗಳ ಅಂತರದಲ್ಲಿ ಎರಡು ಸಲ ನೆಲದ ಮೇಲೆ ಸಿಕ್ಕಿತು. ಮೊದಲ ಸಲ ಅದನ್ನು ಎತ್ತಿ ಮೇಲಿಡದೆ ಹೋಗಿದ್ದರೆ ಅದು ಬದುಕುತ್ತಿರಲಿಲ್ಲ; ಎರಡನೆಯ ಸಲ ಎತ್ತಿ ಮೇಲಿಟ್ಟದ್ದೇ ಅದಕ್ಕೆ ಕುತ್ತಾಗುವುದರಲ್ಲಿತ್ತು. ಎರಡೂ ಸಲ ಮನೆಯವರ ಮನಸ್ಸಿನಲ್ಲಿದ್ದದ್ದು ಮರಿ ಉಳಿಯಬೇಕೆಂಬ ಒಂದೇ ಆಸೆ. ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಊರು, ಗುರುತು ಹಿಡಿಯಬಹುದಾದ ವಿವರಗಳನ್ನು ಕೈಬಿಟ್ಟಿದ್ದೇನೆ. ನನ್ನಿಂದಾದ ತಪ್ಪನ್ನು ಇದ್ದಂತೆಯೇ ಬರೆದಿದ್ದೇನೆ, ಏಕೆಂದರೆ ಕಲಿಯಬೇಕಾದ ಮುಖ್ಯ ವಿಷಯ ಅದರಲ್ಲೇ ಇದೆ.

ಹಿನ್ನೆಲೆ

ಮನೆಯ ಹಿಂಬದಿಯಲ್ಲಿ ಆಳೆತ್ತರದ ದಟ್ಟವಾದ ಪೊದೆಯೊಂದಿತ್ತು. ಅದರ ಕವಲಿನಲ್ಲಿ ಪಿಕಳಾರದ ಜೋಡಿಯೊಂದು ಗೂಡು ಕಟ್ಟಿ ಮೂರು ಮರಿ ಮಾಡಿತ್ತು. ಬುಲ್‌ಬುಲ್ ಎಂದೂ ಕರೆಸಿಕೊಳ್ಳುವ ಈ ಹಕ್ಕಿಗಳಲ್ಲಿ ಇದು ಕಪ್ಪು ತಲೆಯ, ಸಣ್ಣ ಜುಟ್ಟಿನ, ಬಾಲದ ಬುಡದ ಕೆಳಗೆ ಕೆಂಪು ಮಚ್ಚೆಯಿರುವ ಜಾತಿ. ತೆಳು ಕಡ್ಡಿ ಮತ್ತು ಬೇರಿನ ಎಳೆಗಳನ್ನು ಜೇಡರ ಬಲೆಯ ನೂಲಿನಿಂದ ಬಿಗಿದು ಇದು ಬಟ್ಟಲಿನಂತಹ ಗೂಡು ಕಟ್ಟುತ್ತದೆ. ಸಾಮಾನ್ಯವಾಗಿ ಎರಡೋ ಮೂರೋ ಮೊಟ್ಟೆಗಳಿರುತ್ತವೆ; ಕಾವಿಗೆ ಹೆಚ್ಚುಕಡಿಮೆ ಎರಡು ವಾರ ಹಿಡಿಯುತ್ತದೆ, ಮೊಟ್ಟೆಯೊಡೆದ ಮರಿಗಳು ಮತ್ತೆರಡು ವಾರದೊಳಗೆ ಗೂಡು ಬಿಡುತ್ತವೆ. ಗಂಡು ಹೆಣ್ಣು ಎರಡೂ ಗುಟುಕು ಕೊಡುತ್ತವೆ. ಗೂಡು ಬಿಡುವ ಹೊತ್ತಿಗೆ ಈ ಮರಿಗಳಿಗೆ ಸರಿಯಾಗಿ ಹಾರಲು ಬಂದಿರುವುದಿಲ್ಲ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ಮುಖ್ಯವಾಗುತ್ತದೆ.

ಒಂದು ರಾತ್ರಿ ಗಾಳಿಮಳೆಗೆ ಕವಲು ಸೀಳಿ ಗೂಡು ಒಂದು ಪಕ್ಕಕ್ಕೆ ವಾಲಿ ಅರ್ಧ ಹರಿದುಹೋಯಿತು. ಬೆಳಿಗ್ಗೆ ಮನೆಯ ಬಾಲಕ ಪೊದೆಯ ಬುಡದಲ್ಲಿ ಮೂರು ಮರಿಗಳನ್ನು ಕಂಡ. ಒಂದು ಆಗಲೇ ಸತ್ತಿತ್ತು. ಉಳಿದೆರಡು ಒದ್ದೆಯಾಗಿ ತಣ್ಣಗಾಗಿದ್ದರೂ ಉಸಿರಾಡುತ್ತಿದ್ದವು.

ಮೊದಲ ಬೆಳಿಗ್ಗೆ

ನನಗೆ ಕರೆ ಬಂದದ್ದು ಮರಿಗಳು ಸಿಕ್ಕ ಎರಡೂವರೆ ಗಂಟೆಗಳ ನಂತರ. ಆ ಹೊತ್ತಿಗೆ ಎರಡು ಸಂಗತಿಗಳು ನಡೆದುಹೋಗಿದ್ದವು. ಬಾಲಕನು ದೊಡ್ಡ ಮರಿಯ ಬಾಯಿ ಬಿಡಿಸಿ, ಔಷಧಿ ಹಾಕುವ ಡ್ರಾಪರ್‌ನಿಂದ ಐದಾರು ಹನಿ ನೀರು ಬಿಟ್ಟಿದ್ದ. ಮನೆಯ ಹಿರಿಯರು, ಮನುಷ್ಯರ ಕೈ ತಾಗಿದ ಮರಿಯನ್ನು ತಾಯಿ ಮತ್ತೆ ಮುಟ್ಟುವುದಿಲ್ಲವೆಂದು ನಂಬಿ, ಎರಡನ್ನೂ ತಾವೇ ಸಾಕುವುದೆಂದು ನಿಶ್ಚಯಿಸಿ, ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿಯ ಮೇಲೆ ಇಟ್ಟುಕೊಂಡಿದ್ದರು.

ಮೊದಲು ಹಿರಿಯರ ನಂಬಿಕೆಯ ಮಾತು. ಇದು ಎಷ್ಟು ಕಡೆ ಕೇಳಿಬರುತ್ತದೆಂದರೆ, ಪ್ರೀತಿಯಿರುವ ಜನರೇ ಇದನ್ನು ನಂಬಿ ಮರಿಗಳನ್ನು ತಾಯಿಯಿಂದ ದೂರ ಮಾಡಿಬಿಡುತ್ತಾರೆ. ಹಕ್ಕಿಗಳು ತಮ್ಮ ಮರಿಯನ್ನು ಅದು ಇರುವ ಜಾಗದಿಂದಲೂ ಅದರ ಕೂಗಿನಿಂದಲೂ ಗುರುತಿಸುತ್ತವೆ. ಮನುಷ್ಯರ ಕೈ ಸೋಕಿತೆಂದು ಅವು ಮರಿಯನ್ನು ತೊರೆಯುವುದಿಲ್ಲ. ಹಲವು ದಿನ ಕಾವು ಕೊಟ್ಟು, ಬೆಳಗಿನಿಂದ ಸಂಜೆಯವರೆಗೆ ಗುಟುಕು ತಂದು ಬೆಳೆಸಿದ ಮರಿಯನ್ನು ಅವು ಅಷ್ಟು ಸುಲಭವಾಗಿ ಬಿಟ್ಟುಕೊಡುವುದೂ ಇಲ್ಲ.

ನೀರಿನ ವಿಷಯ ಇನ್ನೂ ನೋವಿನದು. ಹಕ್ಕಿಯ ಬಾಯಿ ತೆರೆದು ನೋಡಿದರೆ ನಾಲಿಗೆಯ ಹಿಂದೆಯೇ ಸಣ್ಣ ಸೀಳಿನಂತಹ ರಂಧ್ರ ಕಾಣುತ್ತದೆ. ಅದು ಶ್ವಾಸನಾಳದ ಬಾಯಿ. ನಮ್ಮ ಗಂಟಲಿನಲ್ಲಿ ನುಂಗುವಾಗ ಶ್ವಾಸನಾಳವನ್ನು ಮುಚ್ಚುವ ಮುಚ್ಚಳದಂತಹ ಅಂಗ ಹಕ್ಕಿಗಳಿಗಿಲ್ಲ. ಬಾಯೊಳಗೆ ಬಿಟ್ಟ ಹನಿ ನೇರವಾಗಿ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಬಹಳ. ಈ ಮರಿಗಳಿಗೆ ಬೇಕಾದ ನೀರು ತಾಯಿತಂದೆ ತರುವ ಹುಳುಹುಪ್ಪಟೆಯಲ್ಲೇ ಸಿಗುತ್ತದೆ. ನನಗೆ ಕಳುಹಿಸಿದ ಚಿತ್ರದಲ್ಲಿ ದೊಡ್ಡ ಮರಿಯ ಮೂಗಿನ ತೂತಿನ ಬಳಿ ಒಂದು ಗುಳ್ಳೆ ಕಾಣಿಸುತ್ತಿತ್ತು. ಅದು ಮಧ್ಯಾಹ್ನದೊಳಗೆ ಸತ್ತಿತು. ರಾತ್ರಿಯ ಚಳಿಯಿಂದಲೋ ನೀರಿನಿಂದಲೋ ಎಂದು ಖಚಿತವಾಗಿ ಹೇಳಲಾರೆ, ಬಾಲಕನಿಗೂ ಹಾಗೆಯೇ ಹೇಳಿದೆ. ಬಾಯಾರಿದ ಜೀವಕ್ಕೆ ನೀರು ಕೊಡಬೇಕೆನ್ನುವುದು ಒಳ್ಳೆಯ ಮನಸ್ಸಿನ ಲಕ್ಷಣವೆಂದೂ, ಹಕ್ಕಿಮರಿಯ ಬಾಯಿಗೆ ಮಾತ್ರ ಯಾವ ದ್ರವವನ್ನೂ ಬಿಡಬಾರದೆಂದೂ ಒಟ್ಟಿಗೇ ಹೇಳಬೇಕಾಯಿತು. ಹಾಲಿನ ವಿಷಯದಲ್ಲೂ ಇದೇ ಮಾತು. ಅದನ್ನು ಅರಗಿಸಿಕೊಳ್ಳುವ ಶಕ್ತಿ ಹಕ್ಕಿಗಳಿಗಿಲ್ಲ.

ಫೋನಿನಲ್ಲಿ ಕೊಟ್ಟ ತಪ್ಪು ಸಲಹೆ

ಉಳಿದ ಮರಿಯ ಬಗ್ಗೆ ನಾನು ಕೇಳಿದ ಪ್ರಶ್ನೆಗಳು ಇವು: ಕಣ್ಣು ತೆರೆದಿದೆಯೇ, ಮೈಮೇಲೆ ಗರಿಯಿದೆಯೇ, ಬೆರಳ ಮೇಲೆ ಕೂರಿಸಿದರೆ ಕಾಲಿನಿಂದ ಹಿಡಿಯುತ್ತದೆಯೇ. ಕಣ್ಣು ತೆರೆದಿತ್ತು. ರೆಕ್ಕೆಯ ಗರಿಗಳು ಇನ್ನೂ ನೀಲಿಗಪ್ಪು ಕೊಳವೆಗಳೊಳಗಿದ್ದು ತುದಿಯಲ್ಲಿ ಮಾತ್ರ ಕುಂಚದಂತೆ ಬಿಚ್ಚಿದ್ದವು, ಹೊಟ್ಟೆಯ ಮೇಲೆ ಗರಿಯಿರಲಿಲ್ಲ, ಬೆರಳನ್ನು ಹಿಡಿಯಲಾರದೆ ವಾಲುತ್ತಿತ್ತು. ಇದು ಗೂಡಿನಲ್ಲೇ ಇರಬೇಕಾದ ಮರಿ, ಅಂದಾಜು ಎಂಟು ದಿನದ್ದು ಎಂದು ತಿಳಿಯಿತು. ಇಲ್ಲಿಯವರೆಗೆ ನನ್ನ ತೀರ್ಮಾನ ಸರಿಯಾಗಿತ್ತು.

ಮುಂದಿನದು ಸರಿಯಾಗಿರಲಿಲ್ಲ. ಪೆಟ್ಟಿಗೆಯನ್ನು ಪೊದೆಯ ಬಳಿ ಇಟ್ಟು, ತಾಯಿತಂದೆ ಬರುತ್ತವೆಯೇ ಎಂದು ನೋಡಿ ತಿಳಿಸಿ ಎಂದೆ. ಎಲ್ಲಿಂದ ನೋಡಬೇಕೆಂದು ಹೇಳಲಿಲ್ಲ. ಮರಿಯ ಮೈ ಬೆಚ್ಚಗಿದೆಯೇ ಎಂದು ಕೇಳಲೂ ಇಲ್ಲ. ಒಂದೂವರೆ ಗಂಟೆಯ ಮೇಲೆ ಮನೆಯೊಡತಿ ಮತ್ತೆ ಫೋನ್ ಮಾಡಿದರು.

"ಆಗಿನಿಂದ ಕಣ್ಣು ಮಿಟುಕಿಸದೆ ಕಾದಿದ್ದೇವೆ, ಒಂದು ಹಕ್ಕಿಯೂ ಬರಲಿಲ್ಲ. ಇದಕ್ಕೆ ಯಾರೂ ಇಲ್ಲ ಅನ್ನಿಸುತ್ತದೆ. ನಾವೇ ಸಾಕಿಕೊಳ್ಳುತ್ತೇವೆ, ಏನು ತಿನ್ನಿಸಬೇಕು ಹೇಳಿ."

"ನೀವು ಎಲ್ಲಿ ಕುಳಿತಿದ್ದೀರಿ, ಅಮ್ಮಾ?"

"ಇಲ್ಲೇ, ಪೆಟ್ಟಿಗೆಯ ಪಕ್ಕದಲ್ಲೇ. ಕಾಗೆ ಬಂದರೆ ಓಡಿಸಬೇಕಲ್ಲ."

ಆ ಉತ್ತರ ಕೇಳಿದ ಮೇಲೆ ನಾನು ಹೊರಟೆ. ಹೋಗಿ ನೋಡಿದಾಗ ಪೆಟ್ಟಿಗೆಯಿಂದ ಐದು ಹೆಜ್ಜೆ ದೂರದಲ್ಲಿ ಕುರ್ಚಿ ಹಾಕಿಕೊಂಡು ನಾಲ್ಕು ಜನ ಕುಳಿತಿದ್ದರು. ಅವರ ತಲೆಯ ಮೇಲೆ ಹಾದುಹೋಗುವ ತಂತಿಯಲ್ಲಿ ಎರಡು ಪಿಕಳಾರಗಳಿದ್ದವು. ಒಂದು ಜುಟ್ಟು ನಿಮಿರಿಸಿ ಎಡೆಬಿಡದೆ ಕೂಗುತ್ತಿತ್ತು. ಇನ್ನೊಂದರ ಕೊಕ್ಕಿನಲ್ಲಿ ಹುಳುವೊಂದು ಅಡ್ಡಲಾಗಿ ಜೋತಾಡುತ್ತಿತ್ತು. ಅದು ಆ ಹುಳುವನ್ನು ನುಂಗದೆ, ಕೆಳಗೆ ಇಳಿಯಲಾರದೆ, ತಂತಿಯ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ಸರಿಯುತ್ತಿತ್ತು. ಕಾಯಲು ಕುಳಿತವರೇ ತಾಯಿಯನ್ನು ತಡೆದಿದ್ದರು, ಅವರನ್ನು ಅಲ್ಲಿ ಕೂರಿಸಿದ್ದು ನನ್ನ ಅರ್ಧಂಬರ್ಧ ಸಲಹೆ.

ಮೊದಲು ಬೆಚ್ಚಗೆ, ಆಮೇಲೆ ಗೂಡು

ಮೇಲಿನ ಹಕ್ಕಿಗಳನ್ನು ತೋರಿಸಿದಾಗ ಮನೆಯವರಿಗೆ ಮಾತು ಬೇಕಾಗಲಿಲ್ಲ, ತಾವಾಗಿಯೇ ಎದ್ದರು. ಆದರೂ ಮರಿಯನ್ನು ಆಗಲೇ ಮೇಲಿಡುವಂತಿರಲಿಲ್ಲ. ಅಂಗೈಯಲ್ಲಿಟ್ಟುಕೊಂಡಾಗ ಅದು ತಣ್ಣನೆಯ ಕಲ್ಲಿನಂತಿತ್ತು, ತಲೆ ಎತ್ತುತ್ತಿರಲಿಲ್ಲ. ಈ ವಯಸ್ಸಿನ ಮರಿ ತನ್ನ ಮೈಯ ಬಿಸಿಯನ್ನು ತಾನೇ ಪೂರ್ತಿಯಾಗಿ ಕಾಯ್ದುಕೊಳ್ಳಲಾರದು, ಅದರಲ್ಲೂ ಒದ್ದೆಯಾಗಿ ಒಡಹುಟ್ಟಿದವುಗಳಿಂದ ಬೇರೆಯಾದಾಗ. ತಣ್ಣಗಾದ ಮರಿ ಬಾಯಿ ತೆರೆಯುವುದಿಲ್ಲ, ಬಾಯಿ ತೆರೆಯದ ಮರಿಗೆ ತಾಯಿ ಗುಟುಕು ಕೊಡುವುದಿಲ್ಲ. ಬಲವಂತವಾಗಿ ತಿನ್ನಿಸಿದರೂ ತಣ್ಣನೆಯ ಮೈ ಅದನ್ನು ಅರಗಿಸಿಕೊಳ್ಳಲಾರದು. ಆದುದರಿಂದ ಮೊದಲು ಬಿಸಿ, ಮಿಕ್ಕಿದ್ದೆಲ್ಲ ಆಮೇಲೆ.

ಬಾಟಲಿಯೊಂದರಲ್ಲಿ ಬಿಸಿನೀರು ತುಂಬಿ, ದಪ್ಪ ಬಟ್ಟೆ ಸುತ್ತಿ, ಪೆಟ್ಟಿಗೆಯ ಒಂದು ಪಕ್ಕಕ್ಕೆ ಮಾತ್ರ ಇಟ್ಟೆವು. ಬಿಸಿ ಹೆಚ್ಚಾದರೆ ಮರಿ ಇನ್ನೊಂದು ಪಕ್ಕಕ್ಕೆ ಸರಿಯಲು ಜಾಗವಿರಬೇಕು. ಹತ್ತಿಯನ್ನು ತೆಗೆದು ಮೆತ್ತನೆಯ ಕಾಗದ ಹಾಸಿದೆವು. ಹತ್ತಿಯ ಎಳೆಗಳು ಮರಿಯ ಕಾಲ್ಬೆರಳಿಗೆ ಸುತ್ತಿಕೊಂಡು ಬಿಗಿಯುತ್ತವೆ. ಈ ಮರಿಯ ಎಡಗಾಲಿನ ಹಿಂಬೆರಳಿಗೆ ಆಗಲೇ ಒಂದೆಳೆ ಸುತ್ತಿತ್ತು, ಅದನ್ನು ಬಿಡಿಸಲು ಸೂಜಿ ಹಿಡಿದು ಹತ್ತು ನಿಮಿಷ ಕೂರಬೇಕಾಯಿತು. ಮುಚ್ಚಳ ಅರೆ ಮುಚ್ಚಿ, ಕತ್ತಲು ಮಾಡಿ, ಯಾರೂ ಇಣುಕದಂತೆ ಬಿಟ್ಟೆವು. ಸುಮಾರು ಮುಕ್ಕಾಲು ಗಂಟೆಯ ಮೇಲೆ ಪೆಟ್ಟಿಗೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಮರಿ ಕತ್ತು ನಿಗುರಿಸಿ, ನಡುಗುತ್ತ, ಮುಖಕ್ಕಿಂತ ದೊಡ್ಡದೆನ್ನುವಷ್ಟು ಬಾಯಿ ತೆರೆಯಿತು. ಬಾಲಕ ಏನಾದರೂ ಕೊಡೋಣವೆಂದು ಅಂಗಲಾಚಿದ. ನನಗೂ ಕೈ ತಡೆಯಲಿಲ್ಲವೆನ್ನುವಷ್ಟು ಆಸೆಯಾಯಿತು. ಆದರೆ ಆ ಹಸಿವಿನ ಕೂಗೇ ತಾಯಿಯನ್ನು ಕೆಳಗಿಳಿಸಬೇಕಾದ್ದು, ಹಾಗಾಗಿ ಕೊಡಲಿಲ್ಲ.

ಹಿರಿಯರು ಸಾಕುವ ಮಾತನ್ನು ಇನ್ನೊಮ್ಮೆ ಎತ್ತಿದರು. ನಾನು ಅವರಿಗೆ ಲೆಕ್ಕ ಹೇಳಿದೆ: ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ ಪ್ರತಿ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ, ಹಲವು ದಿನ, ಸರಿಯಾದ ಆಹಾರ ಕೊಡಬೇಕು. ಅಷ್ಟು ಮಾಡಿದರೂ ಯಾವ ಕೂಗಿಗೆ ಅಡಗಬೇಕು, ಯಾವ ಹಣ್ಣು ತಿನ್ನಬೇಕು, ಯಾವುದನ್ನು ಕಂಡರೆ ಹೆದರಬೇಕು ಎಂಬುದನ್ನು ನಾವು ಕಲಿಸಲಾರೆವು. ಮನುಷ್ಯರಿಗೆ ಒಗ್ಗಿದ ಮರಿ ಹೊರಗೆ ಬಿಟ್ಟಮೇಲೆ ಹೆಚ್ಚು ದಿನ ಬಾಳುವುದು ಕಷ್ಟ. ಕಾಡುಹಕ್ಕಿಯನ್ನು ಅನುಮತಿಯಿಲ್ಲದೆ ಸಾಕುವುದು ಬಹಳ ದೇಶಗಳಲ್ಲಿ ಕಾನೂನಿಗೆ ವಿರುದ್ಧವೂ ಹೌದು. ತಂತಿಯ ಮೇಲೆ ಕುಳಿತ ಎರಡು ಜೀವಗಳು ಇವೆಲ್ಲವನ್ನೂ ಮಾಡಲು ಸಿದ್ಧವಾಗಿರುವಾಗ ನಾವು ಮಾಡಬೇಕಾದದ್ದು ದಾರಿ ಬಿಟ್ಟುಕೊಡುವುದಷ್ಟೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗೂಡಿಗೆ ಏನು ಬೇಕೆಂದು ಕೇಳಿದರು.

ಹಳೆಯ ಗೂಡು ಮರಿಯ ಭಾರ ತಾಳುವ ಸ್ಥಿತಿಯಲ್ಲಿರಲಿಲ್ಲ. ಮನೆಯಲ್ಲಿದ್ದ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಅದೇ ಕವಲಿಗೆ ಕಟ್ಟಿದೆವು. ಒಳಗೆ ನಿಂತು ನೋಡುತ್ತಿದ್ದಂತೆ ಹಕ್ಕಿ ಬಂದಿತು, ಡಬ್ಬಿಯ ಮೇಲೆ ರೆಕ್ಕೆ ಬಡಿಯುತ್ತ ನಿಂತಂತೆ ಮಾಡಿತು, ಹಾರಿಹೋಯಿತು. ಮೂರು ಸಲ ಹೀಗಾಯಿತು. ಡಬ್ಬಿ ಆಳವಾಗಿತ್ತು, ಅದರ ಅಂಚು ನುಣುಪಾಗಿತ್ತು. ಹಕ್ಕಿಗೆ ಕೂರಲು ಹಿಡಿತವಿಲ್ಲ, ಕೂರದೆ ಮರಿ ಕಾಣುವುದಿಲ್ಲ. ಇಳಿಸಿ ನೋಡಿದಾಗ ಮರಿಯ ಕಾಲುಗಳೂ ನುಣುಪು ತಳದಲ್ಲಿ ಎರಡು ಪಕ್ಕಕ್ಕೆ ಜಾರಿಕೊಂಡಿದ್ದವು. ಹಾಗೆಯೇ ಬಿಟ್ಟಿದ್ದರೆ ಕಾಲು ಸೊಟ್ಟಗಾಗುವ ಭಯವಿತ್ತು.

ಎರಡನೆಯ ಸಲ ಅಗಲವಾದ, ಕೈಬೆರಳುದ್ದದಷ್ಟೇ ಆಳದ ಬಿದಿರಿನ ಬುಟ್ಟಿ ತೆಗೆದುಕೊಂಡೆವು. ಹೆಣಿಗೆಯ ಸಂದಿಯಲ್ಲಿ ನೀರು ಇಳಿದುಹೋಗುತ್ತದೆ. ಹಳೆಯ ಗೂಡಿನಲ್ಲಿ ಉಳಿದಿದ್ದ ಕಡ್ಡಿಬೇರುಗಳನ್ನೇ ಬಟ್ಟಲಿನಂತೆ ಒತ್ತಿ ತಳಕ್ಕೆ ಹಾಸಿ, ಮರಿಯ ಕಾಲು ಮೈಯ ಕೆಳಗೆ ಮಡಿಸಿಕೊಳ್ಳುವಂತೆ ಕೂರಿಸಿದೆವು. ಬುಟ್ಟಿಯ ಮೇಲೆ ಒಂದು ಮೊಳ ಎತ್ತರದಲ್ಲಿ, ಸುತ್ತ ತೆರೆದಿರುವಂತೆ, ಬಿಸಿಲಿಗೂ ಮಳೆಗೂ ಆಸರೆಯಾಗಿ ಹಲಗೆಯ ತುಂಡೊಂದನ್ನು ಕಟ್ಟಿದೆವು. ಎಲ್ಲರೂ ಮನೆಯೊಳಗೆ ಹೋಗಿ, ಕಿಟಕಿಯ ಪರದೆ ಎಳೆದು, ಸಣ್ಣ ಸಂದಿಯಲ್ಲಿ ನೋಡತೊಡಗಿದೆವು.

ಹದಿನಾಲ್ಕು ನಿಮಿಷಗಳ ನಂತರ ಒಂದು ಹಕ್ಕಿ ತಂತಿಯಿಂದ ಪೊದೆಯ ತುದಿಗೆ, ಅಲ್ಲಿಂದ ಕೆಳಗಿನ ಕೊಂಬೆಗೆ, ಅಲ್ಲಿಂದ ಬುಟ್ಟಿಯ ಅಂಚಿಗೆ ಇಳಿಯಿತು. ಕೊಕ್ಕಿನಲ್ಲಿ ಹಸಿರು ಕಂಬಳಿಹುಳು. ಕೆಂಪಡರಿದ ಬಾಯೊಂದು ಮೇಲೆದ್ದಿತು, ಹುಳು ಅದರೊಳಗೆ ಹೋಯಿತು. ಹಕ್ಕಿ ತಕ್ಷಣ ಹೊರಡಲಿಲ್ಲ. ಮರಿ ತಿರುಗಿ ಹಿಂಭಾಗವನ್ನು ಮೇಲೆತ್ತಿ, ತೆಳುಪೊರೆಯ ಬಿಳಿ ಚೀಲದಂತಹ ಹಿಕ್ಕೆಯನ್ನು ಹೊರಹಾಕಿತು. ಹಕ್ಕಿ ಅದನ್ನು ಕೊಕ್ಕಿನಲ್ಲಿ ಹಿಡಿದು ದೂರ ಒಯ್ದಿತು. ಗೂಡನ್ನು ಚೊಕ್ಕಟವಾಗಿಡಲು ಹಾಡುಹಕ್ಕಿಗಳು ಮಾಡುವ ಕೆಲಸವಿದು. ಗುಟುಕು ಕೊಟ್ಟದ್ದಕ್ಕಿಂತ ಇದನ್ನು ನೋಡಿದಾಗ ನನಗೆ ಹೆಚ್ಚು ನೆಮ್ಮದಿಯಾಯಿತು. ಆ ಬುಟ್ಟಿಯನ್ನು ಹಕ್ಕಿ ತನ್ನ ಗೂಡೆಂದು ಒಪ್ಪಿಕೊಂಡಿತ್ತು.

ಎರಡನೆಯ ಸಲ ನೆಲದ ಮೇಲೆ

ನಂತರದ ಮೂರು ದಿನಗಳಲ್ಲಿ ಹೇಳುವಂತಹದ್ದು ಏನೂ ನಡೆಯಲಿಲ್ಲ. ಐದನೆಯ ದಿನ ಬೆಳಿಗ್ಗೆ ಮನೆಯೊಡತಿ ಗಾಬರಿಯಿಂದ ಫೋನ್ ಮಾಡಿದರು. ಮರಿ ಮತ್ತೆ ಬಿದ್ದಿದೆ, ಮೂರು ಸಲ ಎತ್ತಿ ಬುಟ್ಟಿಯಲ್ಲಿಟ್ಟರೂ ಮೂರು ಸಲವೂ ಹೊರಗೆ ನೆಗೆದಿದೆ, ಕೊನೆಯ ಸಲ ನೆಲಕ್ಕೆ ಎದೆ ಬಡಿದು ಸ್ವಲ್ಪ ಹೊತ್ತು ಅಲುಗಾಡದೆ ಕುಳಿತಿತ್ತು, ಈಗ ಬುಟ್ಟಿಗೆ ಬಲೆ ಕಟ್ಟೋಣವೇ ಎಂದು ಕೇಳಿದರು.

ಬಲೆ ಬೇಡ, ಮುಟ್ಟಲೂ ಬೇಡ, ಒಂದು ಚಿತ್ರ ಕಳುಹಿಸಿ ಎಂದೆ. ಚಿತ್ರದಲ್ಲಿದ್ದದ್ದು ನಾಲ್ಕು ದಿನದ ಹಿಂದಿನ ಮರಿಯೆಂದು ನಂಬುವುದೇ ಕಷ್ಟ. ಮೈತುಂಬ ಗರಿ, ತಲೆಯ ಮೇಲೆ ಅಲ್ಲಲ್ಲಿ ಉಳಿದ ತುಪ್ಪುಳಿನ ಎಳೆ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದದ ಮೋಟು ಬಾಲ, ಮತ್ತು ನೆಲದ ಮೇಲಿನ ಒಣಕಡ್ಡಿಯೊಂದನ್ನು ಬಿಗಿಯಾಗಿ ಹಿಡಿದು ನಿಂತ ಕಾಲುಗಳು. ಇದು ಬಿದ್ದ ಮರಿಯಲ್ಲ, ಗೂಡು ಬಿಟ್ಟ ಮರಿ. ಗೂಡಿನಲ್ಲಿ ಎಲ್ಲ ಮರಿಗಳೂ ಒಂದೇ ಕಡೆ ಇದ್ದು ಸದ್ದು ಮಾಡುವುದರಿಂದ ಬೇಟೆಯ ಪ್ರಾಣಿ ಗೂಡನ್ನು ಕಂಡುಹಿಡಿದರೆ ಎಲ್ಲವೂ ಒಟ್ಟಿಗೇ ಹೋಗುತ್ತವೆ. ಕಾಲು ಗಟ್ಟಿಯಾದೊಡನೆ, ರೆಕ್ಕೆ ಬಲಿಯುವುದಕ್ಕೂ ಮುಂಚೆ, ಹೊರಬಂದು ಪೊದೆಗಳಲ್ಲಿ ಚದುರಿ ಅಡಗುವುದು ಇವುಗಳ ಬಾಳಿನ ಕ್ರಮ. ಆ ಕೆಲವು ದಿನಗಳೂ ತಾಯಿತಂದೆ ಕೂಗನ್ನು ಅನುಸರಿಸಿ ಬಂದು ಗುಟುಕು ಕೊಡುತ್ತಲೇ ಇರುತ್ತವೆ.

ಮನೆಯವರಿಗೆ ಇದು ಒಪ್ಪಿಗೆಯಾಗಲು ಸಮಯ ಬೇಕಾಯಿತು. ಅವರ ಪ್ರಶ್ನೆ ನ್ಯಾಯವಾದದ್ದು: ನಾಲ್ಕು ದಿನದ ಹಿಂದೆ ಎತ್ತಿ ಮೇಲಿಡಲೇಬೇಕೆಂದವರು ಇಂದು ಮುಟ್ಟಬೇಡಿ ಎನ್ನುವುದು ಹೇಗೆ? ಮರಿ ಇರುವ ಜಾಗ ಎರಡು ಸಲವೂ ಒಂದೇ, ಮರಿ ಮಾತ್ರ ಬೇರೆಯಾಗಿದೆ ಎಂದು ವಿವರಿಸಿದೆ. ಅಂದು ಬೆರಳನ್ನು ಹಿಡಿಯಲಾರದ್ದು ಇಂದು ಕಡ್ಡಿ ಹಿಡಿದು ನಿಂತಿದೆ.

ಆದರೂ ಒಂದು ನಿಜವಾದ ಅಪಾಯವಿತ್ತು. ನೆರೆಮನೆಯ ಬೆಕ್ಕು ಆ ಹಿತ್ತಲಿಗೆ ದಿನವೂ ಬರುತ್ತಿತ್ತು. ಬೆಕ್ಕಿನ ಹಲ್ಲು ತಾಗಿದ ಮರಿಗೆ ಗಾಯ ಕಣ್ಣಿಗೆ ಕಾಣದಷ್ಟು ಸಣ್ಣದಾಗಿದ್ದರೂ, ಅದರ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಒಂದೆರಡು ದಿನದಲ್ಲಿ ಕೊಲ್ಲಬಲ್ಲದು. ಅಂತಹ ಮರಿಯನ್ನು ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಮರಿಯನ್ನು ಕೂಡಿಹಾಕುವುದರ ಬದಲು ಬೆಕ್ಕನ್ನು ಕೆಲವು ದಿನ ಒಳಗಿಟ್ಟುಕೊಳ್ಳುವಂತೆ ಕೇಳೋಣ ಎಂದು ನಿರ್ಧರಿಸಿದೆವು. ನೆರೆಯವರು ಮರುಮಾತಿಲ್ಲದೆ ಒಪ್ಪಿದರು. ಮರಿ ತೆರೆದ ನೆಲದಲ್ಲಿದ್ದುದರಿಂದ ಒಂದೇ ಒಂದು ಸಲ ಎತ್ತಿ, ಕೂಗು ಕೇಳುವಷ್ಟೇ ದೂರದಲ್ಲಿ, ಪೊದೆಯ ಒಳಗಿನ ತಗ್ಗು ಕೊಂಬೆಯ ಮೇಲೆ ಬಾಲಕನ ಕೈಯಿಂದಲೇ ಕೂರಿಸಿದೆವು. ಅದು ಅಲ್ಲಿಯೇ ನಿಂತಿತು. ಅರ್ಧ ಗಂಟೆಯೊಳಗೆ ಎರಡೂ ಹಕ್ಕಿಗಳು ಪೊದೆಯೊಳಗೆ ಹೋಗಿಬರತೊಡಗಿದವು.

ಎರಡು ದಿನದ ಮೇಲೆ ಅದು ಪೊದೆಯಿಂದ ಗೋಡೆಗೆ ಹಾರಿದ್ದನ್ನು ಬಾಲಕ ಕಂಡ. ವಾರದ ಕೊನೆಗೆ ತಂತಿಯ ಮೇಲೆ ಮೂರು ಹಕ್ಕಿಗಳು ಸಾಲಾಗಿ ಕುಳಿತಿದ್ದ ಚಿತ್ರ ನನಗೆ ಬಂದಿತು. ನಡುವಿನದಕ್ಕೆ ಬಾಲ ಗಿಡ್ಡ, ಬಾಲದ ಕೆಳಗಿನ ಕೆಂಪು ಮಾಸಲು. ಆಮೇಲೆ ಅದನ್ನು ಬೇರೆ ಹಕ್ಕಿಗಳ ನಡುವೆ ಗುರುತಿಸುವುದು ಸಾಧ್ಯವಾಗಲಿಲ್ಲ.

ಈ ಪ್ರಕರಣದಿಂದ ಬದಲಾದದ್ದು

ಮೂರರಲ್ಲಿ ಒಂದು ಮರಿ ಉಳಿಯಿತು. ಮೊದಲ ಕರೆಯಲ್ಲೇ ನಾನು ಬಿಸಿಯ ವಿಷಯ ಹೇಳಿದ್ದರೆ, ಉಳಿದ ಮರಿ ಆ ಒಂದೂವರೆ ಗಂಟೆ ಚಳಿಯಲ್ಲೂ ಹಸಿವಿನಲ್ಲೂ ಕಳೆಯಬೇಕಾಗಿರಲಿಲ್ಲ. ಬುಟ್ಟಿ ಕಟ್ಟಿದ ದಿನವೇ, ಇನ್ನು ನಾಲ್ಕೈದು ದಿನಗಳಲ್ಲಿ ಇದು ತಾನಾಗಿಯೇ ಹೊರಬರುತ್ತದೆ, ಆಗ ಮರಳಿ ಇಡಬೇಡಿ ಎಂದು ಹೇಳಿದ್ದರೆ ಆ ಮೂರು ಬೀಳುಗಳು ತಪ್ಪುತ್ತಿದ್ದವು. ಇದು ನನಗೆ ಗೊತ್ತಿದ್ದ ಸಂಗತಿಯೇ. ಮರಿ ಉಳಿದ ಸಂತೋಷದಲ್ಲಿ ಹೇಳಲು ಮರೆತಿದ್ದೆ.

ಪಿಕಳಾರದ ಈ ಅನುಭವವನ್ನು ಎಲ್ಲ ಹಕ್ಕಿಗಳಿಗೂ ಹೊಂದಿಸಬಾರದು. ನೆಲದಲ್ಲಿ ಮೊಟ್ಟೆಯಿಡುವ ಟಿಟ್ಟಿಭದ ಮರಿ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಓಡಾಡುತ್ತದೆ. ಅದು ನೆಲದ ಮೇಲಿರುವುದೇ ಸಹಜ. ಗೂಬೆಯ ಮರಿಗಳು ತುಪ್ಪುಳು ಉದುರುವ ಮೊದಲೇ ಗೂಡಿನಿಂದ ಹೊರಬಂದು ಕೊಂಬೆಗಳಲ್ಲಿ ತಡಕಾಡುತ್ತವೆ. ರಕ್ತ ಸೋರುತ್ತಿದ್ದರೆ, ರೆಕ್ಕೆ ಜೋತುಬಿದ್ದಿದ್ದರೆ, ಮೈಮೇಲೆ ನೊಣ ಮೊಟ್ಟೆಯಿಟ್ಟಿದ್ದರೆ, ತಾಯಿತಂದೆ ಸತ್ತದ್ದು ಖಚಿತವಾಗಿದ್ದರೆ ಯಾವ ಜಾತಿಯ ಮರಿಯಾದರೂ ಬೆಚ್ಚಗಿನ ಕತ್ತಲ ಪೆಟ್ಟಿಗೆಯಲ್ಲಿಟ್ಟು, ಏನೂ ತಿನ್ನಿಸದೆ, ವನ್ಯಜೀವಿಗಳ ಚಿಕಿತ್ಸೆ ತಿಳಿದವರ ಬಳಿಗೆ ಒಯ್ಯಬೇಕು.

ಈಗ ಕರೆ ಬಂದಾಗ ನಾನು ಕೇಳುವ ಪ್ರಶ್ನೆಗಳ ಅನುಕ್ರಮ ಬದಲಾಗಿದೆ. ಬಾಯಿಗೆ ಏನಾದರೂ ಬಿಟ್ಟಿದ್ದೀರಾ ಎಂಬುದು ಮೊದಲನೆಯದು. ಅಂಗೈಯಲ್ಲಿ ಬೆಚ್ಚಗಿದೆಯೋ ತಣ್ಣಗಿದೆಯೋ ಎಂಬುದು ಎರಡನೆಯದು. ಬೆರಳನ್ನು ಹಿಡಿಯುತ್ತದೆಯೇ ಎಂಬುದು ಮೂರನೆಯದು. ತಾಯಿ ಬರಲಿಲ್ಲವೆಂದು ಯಾರಾದರೂ ಹೇಳಿದರೆ, ಅವರು ಎಲ್ಲಿ ನಿಂತು ನೋಡುತ್ತಿದ್ದಾರೆಂದು ತಿಳಿಯುವವರೆಗೆ ಮುಂದಿನ ಮಾತಿಗೆ ಹೋಗುವುದಿಲ್ಲ.